ಟೈಗರ್ ಮಾತ್ ಮಾದರಿ: ಎರಡು ರೆಕ್ಕೆಗಳ ಜೋಡಣೆ, ತಂತಿ ಮತ್ತು ತೂಕದ ಬಗ್ಗೆ ಸಲಹೆ ಬೇಕು

ಹಳದಿ ರೆಕ್ಕೆ, ರಾಜಾಜಿನಗರ | ಅಕ್ಟೋಬರ್ 5

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಫೋಮ್ ಟ್ರೇನರ್ (ಕಲಿಯುವವರ ಹಗುರ ರೇಡಿಯೊ ನಿಯಂತ್ರಿತ ಮಾದರಿ ವಿಮಾನ) ಹಾರಿಸುತ್ತಿದ್ದೇನೆ. ಬಾಲ್ಸಾ ಎಂಬ ಹಗುರ ಮರದ ಕೆಲಸ ನನಗೆ ಹೊಸದು. ಕಳೆದ ತಿಂಗಳು ಬೆಂಗಳೂರು ಬಿಟ್ಟು ತಮ್ಮ ಊರಿಗೆ ಹೊರಟಿದ್ದ ಹಿರಿಯ ಹವ್ಯಾಸಿಯೊಬ್ಬರು, ತಾವು ಅರ್ಧಕ್ಕೆ ನಿಲ್ಲಿಸಿದ್ದ ಟೈಗರ್ ಮಾತ್ ಎಂಬ ಹಳೆಯ ತರಬೇತಿ ವಿಮಾನದ ಮಾದರಿಯನ್ನು ಪೆಟ್ಟಿಗೆ ಸಮೇತ ನನ್ನ ಕೈಗಿಟ್ಟರು. ರೆಕ್ಕೆಗಳು ಹೊಸವು. ಒಡಲು ಮಾತ್ರ ಹಿಂದೆ ನೈಟ್ರೊ ಇಂಧನದ ಎಂಜಿನ್ ಹೊತ್ತು ಹಾರಿದ್ದು, ಮೂತಿಯ ಪ್ಲೈವುಡ್ಡಿನಲ್ಲಿ ಇನ್ನೂ ಎಣ್ಣೆಯ ಜಿಡ್ಡು ಉಳಿದಿದೆ.

ಅಳತೆಗಳನ್ನು ಹೇಳಿಬಿಡುತ್ತೇನೆ. ಎರಡೂ ರೆಕ್ಕೆಗಳು ತುದಿಯಿಂದ ತುದಿಗೆ 1,200 ಮಿ.ಮೀ. ಉದ್ದವಿದ್ದು, ಮುಂದಂಚಿನಿಂದ ಹಿಂದಂಚಿಗೆ 190 ಮಿ.ಮೀ. ಅಗಲವಿವೆ. ರೆಕ್ಕೆಗಳು 9 ಡಿಗ್ರಿ ಹಿಂದಕ್ಕೆ ಬಾಗಿವೆ; ಮೇಲಿನ ರೆಕ್ಕೆ ಕೆಳಗಿನದಕ್ಕಿಂತ 60 ಮಿ.ಮೀ. ಮುಂದಿದೆ. ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲೆರಾನ್ ಪಟ್ಟಿ ಕೆಳಗಿನ ರೆಕ್ಕೆಗೆ ಮಾತ್ರ ಇದೆ. ಎಂಜಿನ್ ತೆಗೆದು ಮೋಟರು, 3 ಸೆಲ್ 3,300 ಎಂಎಎಚ್ ಬ್ಯಾಟರಿ ಹಾಕಬೇಕೆಂದಿದ್ದೇನೆ. ಬಣ್ಣ ಹಳದಿ, ಮೇಲೆ ನಮ್ಮ ವಾಯುಪಡೆಯ ಕೇಸರಿ, ಬಿಳಿ, ಹಸಿರು ವೃತ್ತ. ಬೆಂಗಳೂರಿನಲ್ಲೇ ತಯಾರಾದ ಎಚ್‌ಟಿ-2 ವಿಮಾನ 1951ರಲ್ಲಿ ಮೊದಲು ಹಾರಿ, ಮುಂದೆ ತರಬೇತಿಗೆ ಬರುವವರೆಗೂ ನಮ್ಮ ಪೈಲಟ್‌ಗಳು ಕಲಿತದ್ದು ಹೆಚ್ಚಾಗಿ ಈ ಎರಡು ರೆಕ್ಕೆಯ ವಿಮಾನದಲ್ಲೇ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ನನ್ನ ಗೊಂದಲಗಳು ಇವು: ಯಾವುದನ್ನು ಮೊದಲು ಅಂಟಿಸಬೇಕು? ರೆಕ್ಕೆಗಳ ನಡುವಿನ ತಂತಿಗಳು ಅಲಂಕಾರವೋ, ನಿಜವಾಗಿ ಬೇಕೋ? ಸಣ್ಣ ಕಾರಿನಲ್ಲಿ ಒಯ್ಯಲು ರೆಕ್ಕೆಗಳನ್ನು ಪ್ರತಿ ಸಲ ಬಿಚ್ಚಲೇಬೇಕು; ಆ ಕೆಲಸವನ್ನು ಸುಲಭ ಮಾಡುವ ದಾರಿ ಯಾವುದು?

ಹಳೆಯ ಫಿಟ್ಟರ್, ವಿಮಾನಪುರ | ಅಕ್ಟೋಬರ್ 6

ಒಳ್ಳೆಯ ವಿಮಾನ ಸಿಕ್ಕಿದೆ ನಿಮಗೆ. ಅಂಟಿನ ಬಾಟಲಿಯನ್ನು ಸದ್ಯಕ್ಕೆ ಬೀರುವಿನಲ್ಲೇ ಇಡಿ. ಎರಡು ರೆಕ್ಕೆಯ ವಿಮಾನದಲ್ಲಿ ಮೊದಲ ವಾರವೆಲ್ಲ ಅಳತೆಯ ಕೆಲಸ. ಒಂದು ರೆಕ್ಕೆಯ ವಿಮಾನದಲ್ಲಿ ಕ್ಷಮೆ ಸಿಗುವ ತಪ್ಪು ಇಲ್ಲಿ ಸಿಗುವುದಿಲ್ಲ, ಏಕೆಂದರೆ ಒಂದು ರೆಕ್ಕೆ ಒಂದು ಕಡೆಗೆ, ಇನ್ನೊಂದು ಮತ್ತೊಂದು ಕಡೆಗೆ ಎಳೆಯತೊಡಗಿದರೆ ರಿಮೋಟಿನ ಟ್ರಿಮ್ ಗುಂಡಿ ಒತ್ತಿ ಸರಿಪಡಿಸಲಾಗದು.

ಒಡಲನ್ನು ಸಮತಟ್ಟಾದ ಮೇಜಿನ ಮೇಲೆ ಕೂರಿಸಿ, ಬಾಲದ ಅಡ್ಡಪಟ್ಟಿ ಸೊನ್ನೆ ಡಿಗ್ರಿ ತೋರಿಸುವಂತೆ ಕೆಳಗೆ ಬಿಲ್ಲೆಗಳನ್ನು ಕೊಡಿ. ಬಡಗಿಗಳು ಬಳಸುವ ಡಿಜಿಟಲ್ ಕೋನಮಾಪಕ ಸಾಕು. ಪ್ಲೈವುಡ್ ಪಟ್ಟಿಯೊಂದರ ಎರಡು ಕೊನೆಗಳಲ್ಲಿ 'ವಿ' ಆಕಾರದ ಕಚ್ಚು ಮಾಡಿ, ಅವು ರೆಕ್ಕೆಯ ಮುಂದಂಚು, ಹಿಂದಂಚುಗಳನ್ನು ಹಿಡಿಯುವಂತೆ ಕೂರಿಸಿ, ಪಟ್ಟಿಯ ಮೇಲೆ ಮಾಪಕವಿಡಿ. ನಾಲ್ಕು ರೆಕ್ಕೆಭಾಗಗಳಲ್ಲೂ ಬುಡದಲ್ಲಿ ಒಂದು, ತುದಿಯಲ್ಲಿ ಒಂದು, ಒಟ್ಟು ಎಂಟು ಅಳತೆ ತೆಗೆದು ಒಡಲಿನ ಒಳಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವೆ ಎಷ್ಟು ವ್ಯತ್ಯಾಸ ಇರಬೇಕೆಂಬುದನ್ನು ಪೆಟ್ಟಿಗೆಯ ಕೈಪಿಡಿ ಹೇಳುತ್ತದೆ. ಅದನ್ನು ಬದಲಿಸುವ ಗೋಜಿಗೆ ಹೋಗಬೇಡಿ. ಅನಂತರ ಬಾಲದ ಕಂಬಕ್ಕೆ ಗುಂಡುಸೂಜಿ ಚುಚ್ಚಿ, ಹಿಗ್ಗದ ದಾರವೊಂದನ್ನು ಕಟ್ಟಿ, ನಾಲ್ಕು ತುದಿಗಳಿಗೂ ಹಿಡಿದು ನೋಡಿ. ಎಡಬಲದ ದೂರ ಒಂದೇ ಇರಬೇಕು.

ಇನ್ನು ತಂತಿಗಳ ವಿಷಯ. ಎರಡು ರೆಕ್ಕೆ, ನಡುವೆ ಕಂಬಗಳು ಎಂದರೆ ಅದೊಂದು ಪೆಟ್ಟಿಗೆ. ಕರ್ಣದಲ್ಲಿ ಹಿಡಿತವಿಲ್ಲದ ಪೆಟ್ಟಿಗೆ ಓರೆಯಾಗುತ್ತದೆ, ಹಳೆಯ ಮಂಚದ ಕಾಲುಗಳು ವಾಲುವಂತೆ. ಒಡಲಿನ ತಳದಿಂದ ಹೊರಟು ಮೇಲಿನ ರೆಕ್ಕೆಯ ಹೊರಕಂಬದ ತಲೆಗೆ ಹೋಗುವ ತಂತಿಗಳು ಹಾರುವಾಗ ಕೆಲಸ ಮಾಡುತ್ತವೆ; ರೆಕ್ಕೆ ಮೇಲಕ್ಕೆ ಮಡಿಚಿಕೊಳ್ಳದಂತೆ ಹಿಡಿಯುವುದು ಅವೇ. ನಡುಭಾಗದ ಕಂಬಗಳ ತಲೆಯಿಂದ ಕೆಳಗಿನ ರೆಕ್ಕೆಯ ಹೊರಕಂಬದ ಬುಡಕ್ಕೆ ಇಳಿಯುವ ತಂತಿಗಳು ನೆಲದ ಮೇಲೆ ನಿಂತಾಗ, ನೆಲಕ್ಕಿಳಿದು ಕುಕ್ಕಿದಾಗ ರೆಕ್ಕೆಯ ಭಾರ ಹೊರುತ್ತವೆ. ನಿಜವಾದ ಟೈಗರ್ ಮಾತ್‌ನಲ್ಲಿ ಈ ಎರಡೂ ಬಗೆಯ ತಂತಿಗಳು ಉಕ್ಕಿನವು. ಕೊನೆಗಳಲ್ಲಿ ತಿರುಪು ಇದ್ದು, ಅದನ್ನು ತಿರುಗಿಸಿಯೇ ರೆಕ್ಕೆಯ ಕೋನವನ್ನು ಹದಕ್ಕೆ ತರುತ್ತಿದ್ದರು.

ಸ್ಪಾರ್, ಹೆಬ್ಬಾಳ | ಅಕ್ಟೋಬರ್ 6

ಫಿಟ್ಟರ್ ಸರ್ ಅವರ ಮಾತಿಗೆ ಒಂದು ಸಣ್ಣ ತಕರಾರು. ಈ ಗಾತ್ರದ ಬಹುತೇಕ ಮಾದರಿಗಳಲ್ಲಿ ರೆಕ್ಕೆಯ ಬುಡದಲ್ಲಿರುವ ಕಾರ್ಬನ್ ಅಥವಾ ಅಲ್ಯೂಮಿನಿಯಂ ಕೊಳವೆಯೇ ಎಲ್ಲ ಭಾರವನ್ನೂ ಹೊರುತ್ತದೆ. ನಾನು ಎರಡು ವರ್ಷ ಹಾರಿಸಿದ ಮಾದರಿಯಲ್ಲಿ ಬೆಳ್ಳಿ ಬಣ್ಣದ ಎಲಾಸ್ಟಿಕ್ ದಾರವನ್ನಷ್ಟೇ ಕಟ್ಟಿದ್ದೆ. ದೂರದಿಂದ ಸೊಗಸಾಗಿ ಕಾಣುತ್ತಿತ್ತು, ಬಿಚ್ಚುವುದೂ ಸುಲಭವಾಗಿತ್ತು. ಉಕ್ಕಿನ ತಂತಿಯ ಶ್ರಮ ಇಲ್ಲಿ ಅಗತ್ಯವೇ?

ಹಳೆಯ ಫಿಟ್ಟರ್, ವಿಮಾನಪುರ | ಅಕ್ಟೋಬರ್ 6

ಕೊಳವೆ ಇದ್ದರೆ ನಿಮ್ಮ ಮಾತು ಸರಿ. ಹಳದಿ ರೆಕ್ಕೆಯವರೇ, ನಿಮ್ಮ ಮೇಲಿನ ರೆಕ್ಕೆಯ ಬುಡದಲ್ಲಿ ಏನಿದೆ, ನೋಡಿ ತಿಳಿಸಿ.

ಹಳದಿ ರೆಕ್ಕೆ, ರಾಜಾಜಿನಗರ | ಅಕ್ಟೋಬರ್ 7

ಕೆಳಗಿನ ರೆಕ್ಕೆಗೆ ಅಲ್ಯೂಮಿನಿಯಂ ಕೊಳವೆ ಇದೆ. ಮೇಲಿನದಕ್ಕೆ 3 ಮಿ.ಮೀ. ದಪ್ಪದ ಪ್ಲೈವುಡ್ ನಾಲಿಗೆಯಷ್ಟೇ ಇದೆ, ಅದೂ ಕೇವಲ 40 ಮಿ.ಮೀ. ಒಳಗೆ ಹೋಗುತ್ತದೆ.

ಹಳೆಯ ಫಿಟ್ಟರ್, ವಿಮಾನಪುರ | ಅಕ್ಟೋಬರ್ 7

ಹಾಗಾದರೆ ಹಾರಾಟದ ತಂತಿಗಳು ನಿಜವಾದವೇ ಆಗಿರಬೇಕು. ಆ ನಾಲಿಗೆಯ ಮೇಲೆ ನಂಬಿಕೆ ಇಡಬೇಡಿ. ಮೀನು ಹಿಡಿಯುವವರು ಬಳಸುವ, ನೈಲಾನ್ ಹೊದಿಕೆಯ ಉಕ್ಕಿನ ಹೆಣೆದ ತಂತಿಯನ್ನೂ, ಅದಕ್ಕೆ ಒತ್ತುವ ಸಣ್ಣ ತಾಮ್ರದ ಕೊಳವೆಗಳನ್ನೂ ತನ್ನಿ. ತಂತಿಯನ್ನು ಕೊಳವೆಯೊಳಗೆ ಎರಡು ಸಲ ತೂರಿಸಿ ಒತ್ತಿ; ಒಂದೇ ಸಲ ತೂರಿಸಿದ್ದು ಜಾರುತ್ತದೆ. ಹೊದಿಕೆ ಇರುವುದರಿಂದ ಲೋಹಕ್ಕೆ ಲೋಹ ಉಜ್ಜುವುದಿಲ್ಲ. ಇಳಿಯುವಾಗಿನ ತಂತಿಗಳನ್ನೂ ಅದರಿಂದಲೇ ಮಾಡಿ. ಬಾಲದ ಅಲಂಕಾರಕ್ಕೆ ಸ್ಪಾರ್ ಅವರ ಎಲಾಸ್ಟಿಕ್ ದಾರ ಧಾರಾಳವಾಗಿ ಸಾಕು.

ಎಲ್ಲ ಜೋಡಿಸಿ, ಬ್ಯಾಟರಿಯನ್ನೂ ಇಟ್ಟ ಮೇಲೆ, ಇಬ್ಬರು ನಿಂತು ಮೇಲಿನ ರೆಕ್ಕೆಯ ಎರಡು ತುದಿಗಳನ್ನು ಹಿಡಿದು ವಿಮಾನವನ್ನು ಮೆಲ್ಲಗೆ ಎತ್ತಿ ನೋಡಿ. ಹಾರುವಾಗ ಭಾರ ರೆಕ್ಕೆಯ ಉದ್ದಕ್ಕೂ ಹಂಚಿಹೋಗುತ್ತದೆ. ತುದಿಯಲ್ಲಿ ಎತ್ತಿದಾಗ ಬುಡದ ಮೇಲೆ ಬೀಳುವ ಬಾಗುವಿಕೆ ಅದರ ಸುಮಾರು ಎರಡರಷ್ಟು. ಸದ್ದಿಲ್ಲದೆ ಮೇಲೆದ್ದರೆ, ಸಾವಧಾನದ ಹಾರಾಟಕ್ಕೆ ರೆಕ್ಕೆ ಸಿದ್ಧ. ಚಿಟಕ್ ಎಂದು ಸದ್ದಾದರೆ ಅಲ್ಲೇ ಕೆಳಗಿಟ್ಟು ಹುಡುಕಿ.

ಮುಂಜಾನೆ, ಜಯನಗರ | ಅಕ್ಟೋಬರ್ 8

ಒಟ್ಟು ತೂಕ ಎಷ್ಟಾಗುತ್ತದೆ ಎಂಬುದನ್ನು ಈಗಲೇ ನಿರ್ಧರಿಸಿಕೊಳ್ಳಿ. 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ನಮ್ಮ ಮಾದರಿ ವಿಮಾನಗಳೂ ಬರುತ್ತವೆ. 250 ಗ್ರಾಂ ಮೀರಿ 2 ಕಿಲೊವರೆಗಿನದು ಮೈಕ್ರೊ ವರ್ಗ. ಅದನ್ನು ವಾಣಿಜ್ಯೇತರ ಉದ್ದೇಶಕ್ಕೆ ಹಾರಿಸಲು ರಿಮೋಟ್ ಪೈಲಟ್ ಪರವಾನಗಿ ಬೇಕಾಗುವುದಿಲ್ಲ. 2 ಕಿಲೊ ದಾಟಿದರೆ ವರ್ಗವೇ ಬದಲಾಗುತ್ತದೆ. ಆದ್ದರಿಂದ ಅಡುಗೆಮನೆಯ ತಕ್ಕಡಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಿ, ಪ್ರತಿ ಭಾಗವನ್ನೂ ತೂಗಿ ಬರೆದಿಡಿ.

ಎಲ್ಲಿ ಹಾರಿಸುವುದು ಎಂಬುದೂ ತೂಕದಷ್ಟೇ ಗಂಭೀರವಾದ ವಿಷಯ. ಯಲಹಂಕದ ವಾಯುನೆಲೆ, ಜಕ್ಕೂರು, ದೇವನಹಳ್ಳಿ, ಎಚ್‌ಎಎಲ್ ವಿಮಾನ ನಿಲ್ದಾಣಗಳು ಇವೆಲ್ಲ ಸೇರಿ ನಗರದ ಉತ್ತರ ಮತ್ತು ಪೂರ್ವ ಭಾಗಗಳು ನಮಗೆ ಸಲ್ಲವು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಒಳಗಿನ ಪಟ್ಟಿಯಲ್ಲಿ 200 ಅಡಿವರೆಗೆ, ಅದರಾಚೆಯ ಹಸಿರು ವಲಯದಲ್ಲಿ 400 ಅಡಿವರೆಗೆ ಮಾತ್ರ ಅನುಮತಿಯಿಲ್ಲದೆ ಹಾರಿಸಬಹುದು. ಹೊರಡುವ ಹಿಂದಿನ ರಾತ್ರಿ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ವಲಯ ನಕ್ಷೆಯನ್ನು ತೆರೆದು ನೋಡುವುದನ್ನು ಎಂದೂ ಬಿಡಬೇಡಿ. ನಾವು ಕನಕಪುರ ರಸ್ತೆಯಾಚೆ, ರೈತರೊಬ್ಬರ ಒಪ್ಪಿಗೆ ಪಡೆದು, ಅವರ ಹೊಲದಲ್ಲಿ ರಾಗಿ ಕಟಾವಾದ ಮೇಲೆ ಹಾರಿಸುತ್ತೇವೆ. ನೀವೂ ಬನ್ನಿ.

ಬಿಚ್ಚಿ ಜೋಡಿಸುವುದರ ಬಗ್ಗೆ ಕೇಳಿದ್ದಿರಿ. ನನ್ನ ಹಿಂದಿನ ಎರಡು ರೆಕ್ಕೆಯ ವಿಮಾನದಲ್ಲಿ ಹದಿನಾಲ್ಕು ಸ್ಕ್ರೂಗಳಿದ್ದವು. ಹೊಲದಲ್ಲಿ ಕೂತು ಜೋಡಿಸಲು ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಬೆಳಗಿನ ತಂಪು ಹೋಗಿ ಗಾಳಿ ಏಳುತ್ತಿತ್ತು, ಹುಲ್ಲಿನಲ್ಲಿ ಕಳೆದ ಸ್ಕ್ರೂಗಳಿಗಂತೂ ಲೆಕ್ಕವಿಲ್ಲ. ಆ ವಿಮಾನ ಚೆನ್ನಾಗಿಯೇ ಹಾರುತ್ತಿತ್ತು, ಆದರೂ ನಾನು ಅದನ್ನು ಮನೆಯಲ್ಲಿ ಬಿಟ್ಟು ಬರತೊಡಗಿದೆ. ಹೀಗೆ ಮಾಡಿ: ಎಡಗಡೆಯ ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ, ನಡುವಿನ ಕಂಬಗಳು ಈ ಮೂರನ್ನೂ ಎಂದಿಗೂ ಬಿಚ್ಚದ ಒಂದೇ ಜೋಡಿಯಾಗಿ ಇಟ್ಟುಕೊಳ್ಳಿ. ಬಲಗಡೆಯದೂ ಹಾಗೆಯೇ. ಪ್ರತಿ ಜೋಡಿಯನ್ನು ಒಡಲಿಗೆ ಹಿಡಿಯಲು ಮೇಲೊಂದು, ಕೆಳಗೊಂದು ನೈಲಾನ್ ಬೋಲ್ಟು. ತಂತಿಗಳ ಒಡಲಿನ ಕಡೆಯ ಕೊನೆಗೆ ಪುಷ್‌ರಾಡ್‌ಗೆ ಹಾಕುವ ಕ್ಲೆವಿಸ್ ಎಂಬ ಸಣ್ಣ ಕೊಂಡಿ. ಕಾರಿನ ಹಿಂದಿನ ಸೀಟಿನಲ್ಲಿ ಎರಡು ಜೋಡಿಗಳೂ ಒಂದರ ಮೇಲೊಂದು ಕೂರುತ್ತವೆ, ನಡುವೆ ಒಂದು ಹಳೆಯ ಕಂಬಳಿ ಹಾಸಿದರೆ ಸಾಕು.

ಗಾಳಿಲೆಕ್ಕ, ಮಲ್ಲೇಶ್ವರ | ಅಕ್ಟೋಬರ್ 10

ಕೈಪಿಡಿಗಳನ್ನು ಬರೆಯುವವರು ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. 28 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.05 ಕಿಲೊ, ಸಮುದ್ರಮಟ್ಟದಲ್ಲಿ ಪ್ರಮಾಣಿತ ಲೆಕ್ಕ 1.225. ಅಂದರೆ ಶೇ. 14ರಷ್ಟು ಕಡಿಮೆ. ಡಿಸೆಂಬರಿನ ಮುಂಜಾನೆಯ ಚಳಿಯಲ್ಲಿ ಈ ಕೊರತೆ ಶೇ. 10ಕ್ಕೆ ಇಳಿಯುತ್ತದೆ. ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದಾಗಿ, ವಿಮಾನ ಸ್ಟಾಲ್ ಆಗುವ, ಅಂದರೆ ಎತ್ತುವ ಬಲ ಸಾಲದೆ ಕುಸಿಯುವ, ವೇಗ ಹೆಚ್ಚುತ್ತದೆ. ನಿಮ್ಮ ರೆಕ್ಕೆಗಳ ಒಟ್ಟು ವಿಸ್ತೀರ್ಣ ಸುಮಾರು 45 ಚದರ ಡೆಸಿಮೀಟರ್, ತೂಕ 1.9 ಕಿಲೊ ಎಂದುಕೊಂಡರೆ, ಚೆನ್ನೈ ಕಡಲತೀರದಲ್ಲಿ ಗಂಟೆಗೆ 28 ಕಿ.ಮೀ. ವೇಗದಲ್ಲಿ ಸ್ಟಾಲ್ ಆಗುವ ಇದೇ ವಿಮಾನ ಇಲ್ಲಿ 30ರಲ್ಲೇ ಸ್ಟಾಲ್ ಆಗುತ್ತದೆ. ಎರಡನೆಯದಾಗಿ, ಪ್ರೊಪೆಲ್ಲರ್ ಅಷ್ಟೇ ಸುತ್ತು ತಿರುಗಿದರೂ ಕಡಿಮೆ ಗಾಳಿಯನ್ನು ತಳ್ಳುತ್ತದೆ, ಮೋಟರು ಎಳೆಯುವ ಕರೆಂಟೂ ಕಡಿಮೆಯಾಗುತ್ತದೆ. ಹಾಗಾಗಿ ಕೈಪಿಡಿ ಹೇಳಿದ್ದಕ್ಕಿಂತ ಸ್ವಲ್ಪ ದೊಡ್ಡ ಪ್ರೊಪೆಲ್ಲರನ್ನು ಹಾಕಲು ಅವಕಾಶವಿರುತ್ತದೆ. ಊಹಿಸಿ ಹಾಕಬೇಡಿ, ಎಸ್.ಪಿ. ರಸ್ತೆಯಲ್ಲಿ ವಾಟ್‌ಮೀಟರ್ ಸಿಗುತ್ತದೆ, ಬ್ಯಾಟರಿಗೂ ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಗೂ ನಡುವೆ ಅದನ್ನಿಟ್ಟು ಅಳೆಯಿರಿ. ಈ ಬಗೆಯ ವಿಮಾನಕ್ಕೆ ಕಿಲೊಗೆ 170-180 ವಾಟ್ ಇದ್ದರೆ ಸಾಕು.

ತೂಕದ ಸಮತೋಲನ ಬಿಂದುವನ್ನು ನಾನು ಹೀಗೆ ಲೆಕ್ಕ ಹಾಕುತ್ತೇನೆ. ಎರಡೂ ರೆಕ್ಕೆಗಳು ಸಮಾನವಾಗಿರುವುದರಿಂದ, ಅವೆರಡರ ನಡುವೆ ಒಂದು ಕಾಲ್ಪನಿಕ ರೆಕ್ಕೆ ಇದೆಯೆಂದು ಭಾವಿಸಿ. ಅದರ ಮುಂದಂಚು ಮೇಲಿನ ರೆಕ್ಕೆಯ ಮುಂದಂಚಿಗಿಂತ 30 ಮಿ.ಮೀ. ಹಿಂದಿರುತ್ತದೆ. 9 ಡಿಗ್ರಿ ಹಿಂಬಾಗಿನಿಂದ ಸರಾಸರಿ 36 ಮಿ.ಮೀ. ಸೇರುತ್ತದೆ. ಅಗಲದ ಕಾಲುಭಾಗ ಎಂದರೆ 47 ಮಿ.ಮೀ. ಮೂರನ್ನೂ ಕೂಡಿಸಿದರೆ, ಮೇಲಿನ ರೆಕ್ಕೆಯ ನಡುಭಾಗದ ಮುಂದಂಚಿನಿಂದ 113 ಮಿ.ಮೀ. ಹಿಂದೆ ಸಮತೋಲನ ಬರಬೇಕು. ಮೊದಲ ಹಾರಾಟಕ್ಕೆ ಇದಕ್ಕಿಂತ ಹಿಂದೆ ಹೋಗಬಾರದು.

ಹಳೆಯ ಫಿಟ್ಟರ್, ವಿಮಾನಪುರ | ಅಕ್ಟೋಬರ್ 10

ಆ ಹಿಂಬಾಗು ಬಂದ ಕಾರಣವನ್ನು ಇಲ್ಲಿ ಹೇಳಬೇಕು. ತರಬೇತಿ ವಿಮಾನದ ಮುಂದಿನ ಸೀಟಿನಲ್ಲಿ ಕೂತವರು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಲು ಮೇಲಿನ ರೆಕ್ಕೆ ಅಡ್ಡ ಬರುತ್ತಿತ್ತು. ಇದನ್ನು ತಯಾರಿಸಿದ ಡಿ ಹ್ಯಾವಿಲೆಂಡ್‌ನವರು ಆ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಹಾಗೆ ಸರಿಸಿದಾಗ ಮುಂದೆ ಹೋದ ಎತ್ತುವ ಬಲವನ್ನು ಹಿಂದಕ್ಕೆ ತರಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. 1931ರ ಅಕ್ಟೋಬರಿನಲ್ಲಿ ಮೊದಲು ಹಾರಿದ ವಿಮಾನದ ಆ ತೀರ್ಮಾನವೇ ಇವತ್ತು ನಿಮ್ಮ ಲೆಕ್ಕದ 36 ಮಿ.ಮೀ. ಆಗಿ ಕೂತಿದೆ.

ಹಳದಿ ರೆಕ್ಕೆ, ರಾಜಾಜಿನಗರ | ಅಕ್ಟೋಬರ್ 24

ಅಳತೆಗಳು ಮುಗಿದವು. ಫಿಟ್ಟರ್ ಸರ್ ಹೇಳಿದಂತೆ ಮಾಡದೆ ಹೋಗಿದ್ದರೆ ದೊಡ್ಡ ತಪ್ಪಾಗುತ್ತಿತ್ತು: ಕೆಳಗಿನ ಬಲರೆಕ್ಕೆ ಎಡರೆಕ್ಕೆಗಿಂತ 1.2 ಡಿಗ್ರಿ ಹೆಚ್ಚು ತೋರಿಸಿತು. ರೆಕ್ಕೆಯಲ್ಲಿ ದೋಷವಿರಲಿಲ್ಲ, ಒಡಲಿನ ಪಕ್ಕದಲ್ಲಿ ಹಿಂದಿನವರು ಕೂರಿಸಿದ್ದ ಗೂಟದ ತೂತು ಮೇಲಕ್ಕೆ ಹೋಗಿತ್ತು. ಅದನ್ನು ಮುಚ್ಚಿ ಹೊಸದಾಗಿ ಕೊರೆದ ಮೇಲೆ ವ್ಯತ್ಯಾಸ 0.2ಕ್ಕೆ ಬಂದಿದೆ.

ಆದರೆ ಸಮತೋಲನ ನೋಡಿದಾಗ ಬೇಸರವಾಯಿತು. ಬ್ಯಾಟರಿಯನ್ನು ಹಳೆಯ ಇಂಧನ ಟ್ಯಾಂಕಿನ ಜಾಗದಲ್ಲಿ ಇಟ್ಟರೆ ಒಟ್ಟು ತೂಕ 1,800 ಗ್ರಾಂ, ಸಮತೋಲನ ಬಿಂದು 20 ಮಿ.ಮೀ. ಹಿಂದಿದೆ. ಮೂತಿಗೆ ಸೀಸ ಕಟ್ಟಬೇಕಾದರೆ ಸುಮಾರು 170 ಗ್ರಾಂ ಬೇಕು, 2 ಕಿಲೊ ಮಿತಿಯ ಅಂಚಿಗೇ ಬಂದು ನಿಲ್ಲುತ್ತೇನೆ. ಬಣ್ಣ, ಗಾಜು, ತಂತಿಗಳ ತೂಕ ಇನ್ನೂ ಸೇರಿಲ್ಲ.

ಗಾಳಿಲೆಕ್ಕ, ಮಲ್ಲೇಶ್ವರ | ಅಕ್ಟೋಬರ್ 24

ಸೀಸ ಬೇಡವೇ ಬೇಡ. ನಿಮ್ಮ ಬ್ಯಾಟರಿ ಸುಮಾರು 270 ಗ್ರಾಂ ಇದ್ದೀತು. ಅದನ್ನೇ 100 ಮಿ.ಮೀ. ಮುಂದಕ್ಕೆ ತಂದರೆ ಸಮತೋಲನ ಬಿಂದು 15 ಮಿ.ಮೀ. ಮುಂದೆ ಬರುತ್ತದೆ. ಎಂಜಿನ್ ಇದ್ದ ಜಾಗ ಈಗ ಖಾಲಿ ಅಲ್ಲವೇ? ಮೋಟರನ್ನು ಪ್ಲೈವುಡ್ ಪೆಟ್ಟಿಗೆಯೊಂದರ ಮುಂದೆ ಕೂರಿಸಿ, ಒಡಲಿನ ಎದುರಿನ ಗೋಡೆಯಲ್ಲಿ ಕಿಂಡಿ ಕೊರೆದು, ಬ್ಯಾಟರಿಯ ಮುಂಭಾಗ ಆ ಪೆಟ್ಟಿಗೆಯೊಳಗೆ ಹೋಗುವಂತೆ ಮಾಡಿ. ಉಳಿದ 5 ಮಿ.ಮೀ.ಗೆ ಬಾಲದಿಂದ 15 ಗ್ರಾಂ ತೆಗೆದರೆ ಸಾಕು, ಏಕೆಂದರೆ ಬಾಲ ಸಮತೋಲನ ಬಿಂದುವಿನಿಂದ ಮೂತಿಗಿಂತ ಮೂರು ಪಟ್ಟು ದೂರದಲ್ಲಿದೆ. ಅಲ್ಲಿನ ಒಂದು ಗ್ರಾಂ ಇಲ್ಲಿನ ಮೂರು ಗ್ರಾಂಗೆ ಸಮ.

ಹಳೆಯ ಫಿಟ್ಟರ್, ವಿಮಾನಪುರ | ಅಕ್ಟೋಬರ್ 25

ಬಾಲದ ಚಕ್ರದ ಲೋಹದ ಬ್ರಾಕೆಟ್ಟನ್ನು ತೂಗಿ ನೋಡಿ. ಅದನ್ನು ತೆಗೆದು ಪಿಯಾನೊ ತಂತಿಯನ್ನು ಬಾಗಿಸಿ ಊರುಗಾಲು ಮಾಡಿ. ಮೂಲ ಟೈಗರ್ ಮಾತ್‌ಗೂ ಬಾಲದಲ್ಲಿ ಚಕ್ರವಿರಲಿಲ್ಲ, ಊರುಗಾಲೇ ಇತ್ತು.

ಮೂತಿಯ ಪ್ಲೈವುಡ್ ಎಣ್ಣೆ ಕುಡಿದಿದೆ ಎಂದಿದ್ದಿರಿ. ಅದರ ಮೇಲೆ ಹಾಗೆಯೇ ಎಪಾಕ್ಸಿ ಹಚ್ಚಿದರೆ ಅಂಟು ಮರವನ್ನು ಹಿಡಿಯುವುದಿಲ್ಲ, ಎಣ್ಣೆಯ ಪದರವನ್ನು ಹಿಡಿಯುತ್ತದೆ. ಪೂರ್ತಿ ಥ್ರಾಟಲ್ (ಮೋಟರಿನ ವೇಗ) ಕೊಟ್ಟ ದಿನ ಮೋಟರು ತನ್ನ ಪೆಟ್ಟಿಗೆ ಸಮೇತ ಕಿತ್ತು ಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕಾರ್ನ್‌ಫ್ಲೋರ್ ಕಲಸಿ ಬಳಿದು, ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ. ಪುಡಿ ಬಿಳಿಯಾಗಿಯೇ ಉಳಿಯುವವರೆಗೆ ಇದನ್ನು ಮತ್ತೆ ಮತ್ತೆ ಮಾಡಬೇಕು. ಅಂಟಿನ ಜೊತೆಗೆ ನಾಲ್ಕು ಬೋಲ್ಟುಗಳನ್ನೂ ಹಾಕಿ. ಮೋಟರು ಬಲಕ್ಕೆ 2 ಡಿಗ್ರಿ, ಕೆಳಕ್ಕೆ 1 ಡಿಗ್ರಿ ನೋಡುವಂತೆ ಹಿಂದೆ ವಾಷರ್ ಕೊಡಲು ಮರೆಯಬೇಡಿ.

ಇಸ್ತ್ರಿಪೆಟ್ಟಿಗೆ, ಬಸವನಗುಡಿ | ಅಕ್ಟೋಬರ್ 26

ಬಣ್ಣದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ರೆಕ್ಕೆಗೆ ಹೊದಿಸುವ, ಶಾಖಕ್ಕೆ ಬಿಗಿಯಾಗುವ ಹಳದಿ ಫಿಲ್ಮ್ ಅನ್ನು ಮಳೆ ಹಿಡಿದ ದಿನಗಳಲ್ಲಿ ಹಚ್ಚಬೇಡಿ. ತೇವ ಹೀರಿ ಉಬ್ಬಿದ ಬಾಲ್ಸಾದ ಮೇಲೆ ಬಿಗಿಯಾಗಿ ಎಳೆದ ಫಿಲ್ಮ್, ಜನವರಿಯ ಒಣಗಾಳಿಯಲ್ಲಿ ಮರ ಕುಗ್ಗಿದಾಗ ಸುಕ್ಕಾಗುತ್ತದೆ. ಅಂಚುಗಳನ್ನು ಮೊದಲು ಕಡಿಮೆ ಶಾಖದಲ್ಲಿ ಅಂಟಿಸಿ, ನಡುವಿನ ಬಯಲನ್ನು ಆಮೇಲೆ ಹೆಚ್ಚಿನ ಶಾಖದಲ್ಲಿ ಬಿಗಿಗೊಳಿಸಿ. ರೆಕ್ಕೆಯ ಮೇಲ್ಮೈ, ಕೆಳಮೈಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಸಿ ಮಾಡದಿದ್ದರೆ ರೆಕ್ಕೆ ತಿರುಚಿಕೊಂಡು, ಇಷ್ಟು ದಿನ ಪಟ್ಟ ಅಳತೆಯ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಫಿಲ್ಮ್ ಮುಗಿದ ಮೇಲೆ ಕೋನಗಳನ್ನು ಇನ್ನೊಮ್ಮೆ ಅಳೆಯಿರಿ. ವೃತ್ತಗಳನ್ನು ಫಿಲ್ಮಿನಲ್ಲೇ ಕತ್ತರಿಸಿ ಹಚ್ಚುವುದು ಬಣ್ಣ ಬಳಿಯುವುದಕ್ಕಿಂತ ಹಗುರ. ವಾಯುಪಡೆ 2012ರಲ್ಲಿ ದುರಸ್ತಿ ಮಾಡಿಸಿ ಮತ್ತೆ ಹಾರಿಸಿದ ಟೈಗರ್ ಮಾತ್‌ನ ಸಂಖ್ಯೆ ಎಚ್‌ಯು-512. ಬಯಸಿದರೆ ಆ ಅಕ್ಷರಗಳನ್ನೇ ಒಡಲಿನ ಮೇಲೆ ಹಾಕಬಹುದು.

ಮುಂಜಾನೆ, ಜಯನಗರ | ನವೆಂಬರ್ 30

ಕಟಾವು ಮುಗಿದಿದೆ, ಹೊಲ ತೆರವಾಗಿದೆ. ಬರುವ ಮುನ್ನ ಏಲೆರಾನ್ ಮೇಲಕ್ಕೆ 14 ಮಿ.ಮೀ., ಕೆಳಕ್ಕೆ 5 ಮಿ.ಮೀ. ಮಾತ್ರ ಚಲಿಸುವಂತೆ ರೇಡಿಯೊದಲ್ಲಿ ಹೊಂದಿಸಿ. ಕೆಳಕ್ಕಿಳಿದ ಏಲೆರಾನ್ ಆ ಕಡೆಯ ರೆಕ್ಕೆಯನ್ನು ಹಿಂದಕ್ಕೆ ಎಳೆದು, ಮೂತಿಯನ್ನು ತಿರುವಿಗೆ ವಿರುದ್ಧವಾಗಿ ಹೊರಳಿಸುತ್ತದೆ. ಈ ವಿಮಾನದಲ್ಲಿ ಆ ಗುಣ ಬಹಳ ಹೆಚ್ಚು. ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ರಡ್ಡರ್ ಕೊಡದೆ ತಿರುಗಿಸಲು ಹೋಗಬೇಡಿ. ಇಳಿಸುವಾಗ ಥ್ರಾಟಲ್ ಪೂರ್ತಿ ಮುಚ್ಚಬಾರದು. ಫೋಮ್ ಟ್ರೇನರ್ ತೇಲುತ್ತಾ ಬರುತ್ತದೆ. ಎರಡು ರೆಕ್ಕೆ, ಕಂಬ, ತಂತಿ ಎಲ್ಲವೂ ಗಾಳಿಗೆ ಅಡ್ಡವಾಗಿರುವ ಈ ವಿಮಾನ ಮೋಟರು ನಿಂತೊಡನೆ ವೇಗ ಕಳೆದುಕೊಂಡು ಕುಸಿಯುತ್ತದೆ. ಚಕ್ರ ನೆಲ ಮುಟ್ಟುವವರೆಗೂ ಕಾಲುಭಾಗ ಥ್ರಾಟಲ್ ಇರಲಿ.

ಹಳದಿ ರೆಕ್ಕೆ, ರಾಜಾಜಿನಗರ | ಡಿಸೆಂಬರ್ 8

ನಿನ್ನೆ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನನ್ನ ಟೈಗರ್ ಮಾತ್ ಹಾರಿತು.

ಸಿದ್ಧವಾದ ತೂಕ 1,915 ಗ್ರಾಂ. ಸಮತೋಲನ 112 ಮಿ.ಮೀ. ಹಿಂದೆ, ಒಂದು ಗ್ರಾಂ ಸೀಸವೂ ಇಲ್ಲ. ಬಾಲದ ಬ್ರಾಕೆಟ್ 22 ಗ್ರಾಂ ಇತ್ತು, ಊರುಗಾಲು 7 ಗ್ರಾಂ. ಕೈಪಿಡಿ ಹೇಳಿದ 12×6 ಇಂಚಿನ ಪ್ರೊಪೆಲ್ಲರ್ ಹಾಕಿದಾಗ ಮೀಟರು 24 ಆಂಪಿಯರ್ ತೋರಿಸಿತು, 13×6.5 ಹಾಕಿದಾಗ 31 ಆಂಪಿಯರ್, 340 ವಾಟ್. ಇಎಸ್‌ಸಿ 40 ಆಂಪಿಯರಿನದು, ಹೀಗಾಗಿ ಎರಡನೆಯದನ್ನೇ ಉಳಿಸಿಕೊಂಡೆ. ತುದಿ ಹಿಡಿದು ಎತ್ತುವ ಪರೀಕ್ಷೆಯನ್ನು ನನ್ನ ತಂಗಿಯೊಂದಿಗೆ ಮೂರು ಸಲ ಮಾಡಿದೆ. ಹೊಲದಲ್ಲಿ ಜೋಡಿಸಲು ಆರು ನಿಮಿಷ ಹಿಡಿಯಿತು.

ಮೊದಲ ಓಟದಲ್ಲಿ ರಾಗಿ ಕೂಳೆಗೆ ಚಕ್ರ ಸಿಕ್ಕಿ ವಿಮಾನ ಮೂತಿ ಊರಿ ನಿಂತಿತು. ಪ್ರೊಪೆಲ್ಲರ್ ಮುರಿಯಿತು, ಬೇರೇನೂ ಆಗಲಿಲ್ಲ. ಮುಂಜಾನೆಯವರು ತಮ್ಮ ಪೆಟ್ಟಿಗೆಯಿಂದ ದೊಡ್ಡ ಚಕ್ರಗಳನ್ನು ಕೊಟ್ಟು, ಚಕ್ರದ ತಂತಿಯನ್ನು ಕೈಯಿಂದಲೇ 15 ಮಿ.ಮೀ. ಮುಂದಕ್ಕೆ ಬಾಗಿಸಿದರು. ಎರಡನೆಯ ಓಟದಲ್ಲಿ ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರ್ ಹಿಂದಕ್ಕೆ ಹಿಡಿದು, ಥ್ರಾಟಲ್ ನಿಧಾನವಾಗಿ ಏರಿಸುತ್ತಾ, ಬಲ ರಡ್ಡರ್ ಕೊಡುತ್ತಾ ಹೋದೆ. ಇಪ್ಪತ್ತು ಮೀಟರಿನಲ್ಲಿ ಬಾಲ ಎದ್ದಿತು, ಇನ್ನು ಸ್ವಲ್ಪ ದೂರದಲ್ಲಿ ಅದು ತಾನೇ ನೆಲ ಬಿಟ್ಟಿತು. ಬಲಕ್ಕೆ ಎರಡು ಕ್ಲಿಕ್ ಏಲೆರಾನ್ ಟ್ರಿಮ್, ಅಷ್ಟೇ ಬೇಕಾದದ್ದು. ಎಳೆಬಿಸಿಲು ಹಳದಿ ಫಿಲ್ಮನ್ನು ಹಾಯ್ದು, ಒಳಗಿನ ಪಕ್ಕೆಲುಬುಗಳು ಒಂದೊಂದಾಗಿ ಕಾಣುತ್ತಿದ್ದವು. ಮೂರು ಸಲ ಹಾರಿಸಿದೆ, ಮೂರು ಸಲವೂ ಕಾಲು ಥ್ರಾಟಲ್‌ನಲ್ಲೇ ಇಳಿಸಿದೆ.

ಹಳೆಯ ಫಿಟ್ಟರ್, ವಿಮಾನಪುರ | ಡಿಸೆಂಬರ್ 8

ಓದಿ ಬಹಳ ಸಂತೋಷವಾಯಿತು. ಈಗ ಒಂದು ಕೆಲಸ ಬಾಕಿ ಇದೆ. ಮೊದಲ ಹಾರಾಟಗಳ ಬಳಿಕ ತಂತಿಗಳು ತಮ್ಮ ಜಾಗ ಕಂಡುಕೊಳ್ಳುತ್ತವೆ. ಬೆರಳಿನಿಂದ ಒಂದೊಂದನ್ನೂ ತಂಬೂರಿಯಂತೆ ಮೀಟಿ, ಎಡದ ತಂತಿಗೂ ಬಲದ ತಂತಿಗೂ ಶ್ರುತಿ ಒಂದೇ ಇದೆಯೇ ಎಂದು ಕೇಳಿ.

ಹಳದಿ ರೆಕ್ಕೆ, ರಾಜಾಜಿನಗರ | ಡಿಸೆಂಬರ್ 9

ಮೀಟಿ ನೋಡಿದೆ, ಸರ್. ಎಡಗಡೆಯ ಇಳಿಯುವ ತಂತಿಯ ದನಿ ಮಂದವಾಗಿತ್ತು. ಅದರ ತಾಮ್ರದ ಕೊಳವೆಯೊಳಗೆ ತಂತಿಯನ್ನು ಒಂದೇ ಸಲ ತೂರಿಸಿದ್ದೆ, 2 ಮಿ.ಮೀ. ಜಾರಿದೆ. ರಾತ್ರಿಯೇ ಹೊಸ ತಂತಿ ಕತ್ತರಿಸಿ, ಎರಡು ಸಲ ತೂರಿಸಿ ಒತ್ತಿ, ಕೋನಗಳನ್ನು ಮತ್ತೆ ಅಳೆದೆ. ಎಂಟು ಅಳತೆಗಳೂ ಒಡಲಿನೊಳಗೆ ಬರೆದಿಟ್ಟಿದ್ದಕ್ಕೆ ಸರಿಯಾಗಿ ಬಂದಿವೆ. ಭಾನುವಾರ ಆರೂವರೆಗೆ ಹೊಲದಲ್ಲಿರುತ್ತೇನೆ.